ಕುಡಿಯುವ ನೀರು ಮೂಗಿಗಲ್ಲ

"ಉಗುರು ಬೆಚ್ಚಗಿನ ನೀರಿಗೆ ಚಿಟಿಕೆ ಉಪ್ಪು ಹಾಕಿ, ಒಂದು ಹೊಳ್ಳೆಯಿಂದ ಬಿಡಿ, ಇನ್ನೊಂದರಿಂದ ಬರುತ್ತೆ, ಅಷ್ಟೇ." ಜಲನೇತಿ ಹೇಗೆ ಮಾಡುವುದು ಎಂದು ಯಾರನ್ನು ಕೇಳಿದರೂ ಸಿಗುವ ಪಾಠ ಇದು. ಯೋಗ ಶಿಬಿರದ ಗುರುಗಳಿಂದ ಹಿಡಿದು, ನಾವು ಸೀನುವುದನ್ನು ಕೇಳಿಸಿಕೊಂಡ ಪಕ್ಕದ ಮನೆಯವರವರೆಗೆ ಎಲ್ಲರ ಬಾಯಲ್ಲೂ ಇದೇ. ಯಾವ ನೀರು ಎಂದು ಕೇಳಿದರೆ, "ಕುಡಿಯೋ ನೀರು ಇದೆಯಲ್ಲ, ಅದೇ ಸಾಕು" ಎನ್ನುತ್ತಾರೆ. ಇನ್ನೂ ಒತ್ತಿ ಕೇಳಿದರೆ, "ಸಾವಿರಾರು ವರ್ಷದಿಂದ ನಮ್ಮ ಹಿರಿಯರು ಮಾಡಿಕೊಂಡು ಬಂದದ್ದು, ಇದರಲ್ಲಿ ಅಪಾಯ ಏನಿರುತ್ತೆ?" ಎಂಬ ಮರುಪ್ರಶ್ನೆ ಬರುತ್ತದೆ. ಎರಡೂ ತಪ್ಪು ಉತ್ತರಗಳು. ಮೊದಲನೆಯದು ಜೀವ ತೆಗೆಯಬಲ್ಲದು. ಎರಡನೆಯದು ಮೊದಲನೆಯದನ್ನು ಯಾರೂ ಪ್ರಶ್ನಿಸದಂತೆ ಕಾಯುತ್ತಿದೆ.

ಜಲನೇತಿಗೆ ನಾನು ವಿರೋಧಿಯಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಅಲರ್ಜಿಯ ಮೂಗು ಇಟ್ಟುಕೊಂಡು ಬೆಂಗಳೂರಿನಲ್ಲಿ ಬದುಕುವವರ ಪಾಡು ನನಗೆ ಗೊತ್ತು. ಮಳೆ ನಿಂತ ಮೇಲೆ ಖಾಲಿ ಸೈಟುಗಳಲ್ಲೆಲ್ಲ ಕಾಂಗ್ರೆಸ್ ಹುಲ್ಲು ಬಿಳಿ ಹೂ ಬಿಟ್ಟು ನಿಲ್ಲುತ್ತದೆ. ರಸ್ತೆ ಅಗೆತ, ಮೆಟ್ರೋ ಕಾಮಗಾರಿಗಳ ಧೂಳು ವರ್ಷವಿಡೀ ಇರುತ್ತದೆ. ಮನೆಯೊಳಗೆ ಬಂದರೆ ಹಾಸಿಗೆ ದಿಂಬುಗಳಲ್ಲಿ ಕಣ್ಣಿಗೆ ಕಾಣದ ಧೂಳುಹುಳ. ಬೆಳಿಗ್ಗೆ ಕಣ್ಣು ಬಿಟ್ಟೊಡನೆ ಸಾಲುಸಾಲು ಸೀನು, ಮಧ್ಯಾಹ್ನಕ್ಕೆ ಹಣೆ ಭಾರ, ರಾತ್ರಿ ಮೂಗು ಕಟ್ಟಿ ಬಾಯಿ ತೆರೆದು ನಿದ್ದೆ. ಇಂಥವರಿಗೆ ಉಪ್ಪುನೀರಿನಿಂದ ಮೂಗು ತೊಳೆದಾಗ ಸಿಗುವ ಹಗುರ ಸುಳ್ಳಲ್ಲ. ಧೂಳೆದ್ದ ದಿನ ಸಂಜೆ ನಾನೂ ತೊಳೆದುಕೊಳ್ಳುತ್ತೇನೆ, ಆ ಹೊತ್ತಿಗೆ ಅದರಷ್ಟು ಹಿತವಾದದ್ದು ಬೇರೆ ಕಂಡಿಲ್ಲ.

ಅದು ಕೆಲಸ ಮಾಡುವ ಬಗೆಯಲ್ಲಿ ನಿಗೂಢವಾದದ್ದೇನೂ ಇಲ್ಲ. ಮೂಗಿನ ಒಳಗೋಡೆಯ ಮೇಲೆ ತೆಳ್ಳನೆಯ ಲೋಳೆಯ ಪದರ ಇರುತ್ತದೆ. ಉಸಿರಿನೊಡನೆ ಬಂದ ಪರಾಗ, ಧೂಳು, ವೈರಸ್ಸು ಎಲ್ಲ ಅದಕ್ಕೆ ಅಂಟಿಕೊಳ್ಳುತ್ತವೆ. ಅಡಿಯಲ್ಲಿರುವ ಸೂಕ್ಷ್ಮ ರೋಮಗಳು ಆ ಲೋಳೆಯನ್ನು ಸದಾ ಗಂಟಲಿನ ಕಡೆಗೆ ತಳ್ಳುತ್ತಿರುತ್ತವೆ. ಅಲರ್ಜಿಯಾದಾಗ, ನೆಗಡಿಯಾದಾಗ ಲೋಳೆ ಗಟ್ಟಿಯಾಗಿ ಈ ಸಾಗಣೆ ನಿಧಾನವಾಗುತ್ತದೆ. ಉಪ್ಪುನೀರು ಗಟ್ಟಿಯಾದ ಸಿಂಬಳವನ್ನು ಸಡಿಲಿಸಿ, ಅಂಟಿಕೊಂಡ ಪರಾಗವನ್ನೂ ಉರಿಯೂತ ಹುಟ್ಟಿಸುವ ರಾಸಾಯನಿಕಗಳನ್ನೂ ಕೊಚ್ಚಿಕೊಂಡು ಹೋಗುತ್ತದೆ. ಪ್ರಯೋಗಗಳ ಬೆಂಬಲವೂ ಇದೆ. ಅಲರ್ಜಿಯ ಮೂಗಿನ ಮೇಲೆ ನಡೆದ 14 ಅಧ್ಯಯನಗಳನ್ನು ಕಾಕ್ರೇನ್ ಸಂಸ್ಥೆ 2018ರಲ್ಲಿ ಒಟ್ಟಿಗೆ ಪರಿಶೀಲಿಸಿತು. ಉಪ್ಪುನೀರಿನಿಂದ ತೊಳೆದುಕೊಂಡವರಿಗೆ ಮೂರು ತಿಂಗಳವರೆಗೆ ತೊಂದರೆ ಕಡಿಮೆಯಾಗಬಹುದು, ಆದರೆ ಪುರಾವೆಯ ಗುಣಮಟ್ಟ ಕೆಳಗಿನದು ಎಂದು ಅದು ಹೇಳಿತು. ಎಡಿನ್‌ಬರೋದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಲ್ಲಿ ಉಪ್ಪುನೀರಿನಿಂದ ಮೂಗು ತೊಳೆದು, ಗಂಟಲು ಮುಕ್ಕಳಿಸಿದವರ ನೆಗಡಿ ಸುಮಾರು ಎರಡು ದಿನ ಬೇಗ ಇಳಿಯಿತು. ಬ್ರಿಟನ್ನಿನಲ್ಲಿ 13,000ಕ್ಕೂ ಹೆಚ್ಚು ಜನರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಉಪ್ಪುನೀರಿನ ಸ್ಪ್ರೇ ಬಳಸಿದವರು ಕಾಯಿಲೆಯಲ್ಲಿ ಕಳೆದ ದಿನಗಳು ಸರಾಸರಿ 8.2ರಿಂದ 6.4ಕ್ಕೆ ಇಳಿದವು, ಆಂಟಿಬಯಾಟಿಕ್ ಬಳಕೆಯೂ ತಗ್ಗಿತು. ಅದು ಸ್ಪ್ರೇ, ನೇತಿಯಲ್ಲ, ನಿಜ. ಆದರೂ ಉಪ್ಪುನೀರಿಗೆ ಒಂದು ಗೌರವದ ಸ್ಥಾನ ಕೊಡಲು ಇಷ್ಟು ಸಾಕು.

ಇಷ್ಟು ಒಳ್ಳೆಯ, ಇಷ್ಟು ಅಗ್ಗದ ಉಪಾಯವನ್ನು ಅದರ ಭಕ್ತರೇ ಕೆಡಿಸುತ್ತಿದ್ದಾರೆ ಎಂಬುದು ನನ್ನ ದೂರು. ಆ ಕೇಡು ಶುರುವಾಗುವುದು "ಉಗುರು ಬೆಚ್ಚಗಿನ ನೀರು" ಎಂಬಲ್ಲೇ.

ನೀರನ್ನು ಉಗುರು ಬೆಚ್ಚಗೆ ಮಾಡಲು ಎರಡು ದಾರಿ ಇವೆ. ಒಂದು, ನೀರನ್ನು ಕೊತಕೊತ ಕುದಿಸಿ, ಮುಚ್ಚಿಟ್ಟು, ತಾನಾಗಿ ಆರಲು ಬಿಡುವುದು. ಇನ್ನೊಂದು, ನಲ್ಲಿ ನೀರನ್ನು ಒಲೆಯ ಮೇಲಿಟ್ಟು ಬೆರಳಿಗೆ ಹಿತವೆನಿಸಿದೊಡನೆ ಇಳಿಸುವುದು, ಅಥವಾ ಬಚ್ಚಲಿನಲ್ಲಿ ಗೀಸರ್ ನೀರಿಗೆ ತಣ್ಣೀರು ಬೆರೆಸಿ ಹದ ಮಾಡಿಕೊಳ್ಳುವುದು. ಕೈಗೆ ಎರಡೂ ಒಂದೇ ಬಿಸಿ. ಮೊದಲನೆಯದರಲ್ಲಿ ಜೀವಿಗಳು ಸತ್ತಿವೆ. ಎರಡನೆಯದರಲ್ಲಿ ಅವು ಬದುಕಿರಬಹುದು, ಮೇಲಾಗಿ ಅವುಗಳಿಗೆ ಇಷ್ಟವಾದ ಬಿಸಿಯಲ್ಲಿ ಇರಬಹುದು. ಬೆಳಿಗ್ಗೆ ಆಫೀಸಿಗೆ ಹೊರಡುವ ಧಾವಂತದಲ್ಲಿ ಮನುಷ್ಯ ಯಾವ ದಾರಿ ಹಿಡಿಯುತ್ತಾನೆ ಎಂದು ಕೇಳಬೇಕಾಗಿಲ್ಲ. ಪಾಠ ಹೇಳುವವರು "ಕುದಿಸಿ ಆರಿಸಿದ ನೀರು" ಎಂದು ಇನ್ನೆರಡು ಪದ ಸೇರಿಸಿದ್ದರೆ ಮುಗಿದಿತ್ತು. ಅವರು ಸೇರಿಸುವುದಿಲ್ಲ, ಏಕೆಂದರೆ ಅದು ಅಗತ್ಯ ಎಂದು ಅವರಿಗೇ ಅನಿಸಿಲ್ಲ.

ಅಗತ್ಯ ಏಕೆ ಎಂಬುದಕ್ಕೆ ಹೊಟ್ಟೆಗೂ ಮೂಗಿಗೂ ಇರುವ ವ್ಯತ್ಯಾಸ ತಿಳಿದಿರಬೇಕು. ಕುಡಿದ ನೀರು ಜಠರದ ಆಮ್ಲಕ್ಕೆ ಬೀಳುತ್ತದೆ. ನೀರಿನಲ್ಲಿರುವ ಎಷ್ಟೋ ಜೀವಿಗಳು ಅಲ್ಲಿಗೇ ಮುಗಿಯುತ್ತವೆ. ಮೂಗಿನಲ್ಲಿ ಅಂಥ ಆಮ್ಲ ಇಲ್ಲ. ಮೂಗಿನ ಮೇಲ್ಚಾವಣಿಯಲ್ಲಿ ಜರಡಿಯ ಹಾಗೆ ತೂತುತೂತಾದ ಒಂದು ತೆಳು ಮೂಳೆ ಇದೆ. ವಾಸನೆ ಹಿಡಿಯುವ ನರಗಳ ಎಳೆಗಳು ಆ ತೂತುಗಳ ಮೂಲಕ ನೇರವಾಗಿ ಮಿದುಳಿಗೆ ಹೋಗುತ್ತವೆ. ನೆಗ್ಲೇರಿಯಾ ಫೌಲರಿ ಎಂಬ ಅಮೀಬಾ ಆ ನರಗಳ ಗುಂಟವೇ ಹತ್ತುತ್ತದೆ. ಅದು ಬೆಚ್ಚಗಿನ ಸಿಹಿನೀರಿನ ಜೀವಿ, 46 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಯಲ್ಲೂ ಬೆಳೆಯಬಲ್ಲದು. 1965ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಫೌಲರ್ ಮತ್ತು ಕಾರ್ಟರ್ ಎಂಬ ವೈದ್ಯರು ಈ ಕಾಯಿಲೆಯನ್ನು ಮೊದಲು ವಿವರಿಸಿದರು. ಈ ಅಮೀಬಾ ಇರುವ ನೀರನ್ನು ಕುಡಿದರೆ ಆ ಕಾಯಿಲೆ ಬರುವುದಿಲ್ಲ. ಅದೇ ನೀರು ಮೂಗಿನ ಮೇಲ್ಭಾಗ ಮುಟ್ಟಿದರೆ ಬರಬಹುದು. ಬಂದ ಮೇಲೆ ಉಳಿದವರು ಬೆರಳೆಣಿಕೆಯಷ್ಟು ಜನ. ಅಮೆರಿಕದ ದಾಖಲೆಗಳಲ್ಲಿ ನೂರಕ್ಕೆ 97ಕ್ಕಿಂತ ಹೆಚ್ಚು ಮಂದಿ ಸತ್ತಿದ್ದಾರೆ. "ಕುಡಿಯಲು ಆಗುವುದು ಮೂಗಿಗೂ ಆಗುತ್ತದೆ" ಎಂಬ ಮಾತು ನಿಲ್ಲುವುದಿಲ್ಲ ಎನ್ನಲು ಇದೊಂದೇ ಸಾಕು. ಕುಡಿಯುವ ನೀರಿನ ಮಾನದಂಡಗಳನ್ನು ರೂಪಿಸಿರುವುದು ಕುಡಿಯುವುದಕ್ಕೆ.

ಇದು ಪುಸ್ತಕದ ಭಯ ಅಲ್ಲ. 2011ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ಇಬ್ಬರು, 28 ವರ್ಷದ ಒಬ್ಬ ಯುವಕ ಮತ್ತು 51 ವರ್ಷದ ಒಬ್ಬ ಮಹಿಳೆ, ಬೇರೆ ಬೇರೆ ಊರುಗಳಲ್ಲಿ ಈ ಕಾಯಿಲೆಯಿಂದ ಸತ್ತರು. ಅವರು ಕೆರೆಗೆ ಇಳಿದವರಲ್ಲ, ಈಜಿದವರಲ್ಲ. ಇಬ್ಬರೂ ನೇತಿ ಪಾತ್ರೆಯಲ್ಲಿ ನಲ್ಲಿ ನೀರು ತುಂಬಿ ಮೂಗು ತೊಳೆಯುತ್ತಿದ್ದರು. ಅದು ನಗರಸಭೆ ಶುದ್ಧೀಕರಿಸಿ ಕೊಟ್ಟ ನೀರು. ಪರೀಕ್ಷಿಸಿದಾಗ ಅಮೀಬಾ ಸಿಕ್ಕಿದ್ದು ಅವರ ಮನೆಗಳ ಕೊಳಾಯಿ ನೀರಿನಲ್ಲಿ. ಸಿಯಾಟಲ್‌ನಲ್ಲಿ 69 ವರ್ಷದ ಮಹಿಳೆಯೊಬ್ಬರು ಬಾಲಮುಥಿಯಾ ಎಂಬ ಇನ್ನೊಂದು ಅಮೀಬಾದಿಂದ ಸತ್ತ ಪ್ರಕರಣ 2018ರಲ್ಲಿ ವರದಿಯಾಯಿತು. ಅವರು ಮೂಗಿಗೆ ಬಿಡುತ್ತಿದ್ದದ್ದು ಅಂಗಡಿಯಲ್ಲಿ ಕೊಂಡ ಫಿಲ್ಟರಿನಲ್ಲಿ ಸೋಸಿದ ನಲ್ಲಿ ನೀರನ್ನು. ಅದೇ ದಾರಿಯಿಂದ ಬಂದಿರಬೇಕು ಎಂದು ಅವರ ವೈದ್ಯರು ಶಂಕಿಸಿದರು. ಟೆಕ್ಸಸ್‌ನಲ್ಲಿ 71 ವರ್ಷದ ಮಹಿಳೆಯೊಬ್ಬರು ಪ್ರವಾಸದ ವಾಹನದ ನಲ್ಲಿಯ ನೀರನ್ನು ಕುದಿಸದೆ ಮೂಗು ತೊಳೆಯಲು ಬಳಸಿದ್ದರು. ಅವರ ಸಾವಿನ ವರದಿ 2025ರ ಮೇ ತಿಂಗಳಲ್ಲಿ ಬಂತು. ಕರಾಚಿಯ ವೈದ್ಯರು 2011ರಲ್ಲಿ ಪ್ರಕಟಿಸಿದ 13 ಪ್ರಕರಣಗಳಲ್ಲಿ ಹೆಚ್ಚಿನವರು ಈಜಿದವರಲ್ಲ. ನಮಾಜಿಗೆ ಮುಂಚಿನ ವುಝೂವಿನಲ್ಲಿ ಮೂಗಿಗೆ ಏರಿಸಿದ ನಲ್ಲಿ ನೀರೇ ಕಾರಣವಿರಬೇಕು ಎಂದು ಅವರು ಹೇಳಿದರು. ಶ್ರದ್ಧೆ ಯಾವುದೇ ಇರಲಿ, ಯೋಗದ್ದಿರಲಿ ಪ್ರಾರ್ಥನೆಯದಿರಲಿ, ನೀರು ಅದನ್ನು ನೋಡುವುದಿಲ್ಲ.

ಅಷ್ಟು ದೂರ ಏಕೆ, ಪಕ್ಕದ ಕೇರಳಕ್ಕೆ ಬನ್ನಿ. 2025ರ ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಅಲ್ಲಿ ಆ ವರ್ಷದ ಅಮೀಬಾ ಮಿದುಳುಜ್ವರದ ಪ್ರಕರಣಗಳು ಸುಮಾರು 70 ಮುಟ್ಟಿದ್ದವು, 19 ಜನ ಸತ್ತಿದ್ದರು. ಸತ್ತವರಲ್ಲಿ ಕೋಯಿಕ್ಕೋಡ್ ಜಿಲ್ಲೆಯ ಮೂರು ತಿಂಗಳ ಹಸುಗೂಸೂ ಇತ್ತು. ಆ ಕೂಸು ಯಾವ ಕೆರೆಯಲ್ಲೂ ಈಜಿರಲಾರದು. ಅನುಮಾನ ಹೋದದ್ದು ಮನೆಯ ಬಾವಿ ನೀರಿನ ಮೇಲೆ. ಕೇರಳ ಸರ್ಕಾರ ಬಾವಿಗಳಿಗೆ ಕ್ಲೋರಿನ್ ಹಾಕಿಸುವ ಕೆಲಸಕ್ಕೆ ಇಳಿಯಿತು. ಆ ನವೆಂಬರಿನಲ್ಲಿ ನಮ್ಮ ಕರ್ನಾಟಕದ ಆರೋಗ್ಯ ಇಲಾಖೆ ಶಬರಿಮಲೆಗೆ ಹೊರಟ ಅಯ್ಯಪ್ಪ ಭಕ್ತರಿಗೆ ಸೂಚನೆ ಹೊರಡಿಸಿ, ನಿಂತ ನೀರಿನಲ್ಲಿ ಸ್ನಾನ ಮಾಡುವಾಗ ಮೂಗಿಗೆ ಕ್ಲಿಪ್ ಹಾಕಿಕೊಳ್ಳಿ ಅಥವಾ ಮೂಗು ಬಿಗಿಯಾಗಿ ಹಿಡಿದುಕೊಳ್ಳಿ ಎಂದಿತು. ಮುಳುಗು ಹಾಕುವಾಗ ಅಕಸ್ಮಾತ್ ನಾಲ್ಕು ಹನಿ ಒಳಗೆ ಹೋಗದಿರಲೆಂದು ಅಷ್ಟು ಎಚ್ಚರ. ಅದೇ ನಾಡಿನಲ್ಲಿ ಅರ್ಧ ಲೀಟರ್ ನೀರನ್ನು ಬೇಕೆಂದೇ ಮೂಗಿನ ಮೇಲ್ಭಾಗದವರೆಗೆ ಹರಿಸುವ ವಿದ್ಯೆಯನ್ನು, ನೀರು ಎಲ್ಲಿಯದು ಎಂದು ಕೇಳದೆ, ಉದ್ಯಾನಗಳಲ್ಲಿ ಕಲಿಸುತ್ತಿದ್ದೇವೆ.

ಅಂಥ ಒಂದು ಬೆಳಗಿನ ಶಿಬಿರವನ್ನು ಹತ್ತಿರದಿಂದ ನೋಡಿದ್ದೇನೆ. ಬಡಾವಣೆಯ ಪಾರ್ಕಿನ ಮೂಲೆಯಲ್ಲಿ ನೀಲಿ ಡ್ರಮ್ಮು, ಅದಕ್ಕೆ ಗಿಡಗಳಿಗೆ ನೀರು ಬಿಡುವ ಪೈಪಿನಿಂದಲೇ ನೀರು. ಬಿಸಿನೀರಿನ ಕ್ಯಾನೊಂದರಿಂದ ಸ್ವಲ್ಪ ಸುರಿದು ಹದ ಮಾಡಿದರು. ಉಪ್ಪಿನ ಪೊಟ್ಟಣ ಒಡೆದು, ಕೈಯಲ್ಲೇ ಹಿಡಿ ತೆಗೆದು ಹಾಕಿ, ಅದೇ ಕೈಯಿಂದ ಕಲಕಿದರು. ಬಿಳಿ ಪ್ಲಾಸ್ಟಿಕ್ಕಿನ ನೇತಿ ಲೋಟಗಳು ಕಡಿಮೆ ಇದ್ದವು, ಜನ ಜಾಸ್ತಿ. ಒಬ್ಬರ ಮೂಗಿಗೆ ಇಟ್ಟದ್ದನ್ನು ಡ್ರಮ್ಮಿನ ನೀರಿನಲ್ಲೇ ಅಲ್ಲಾಡಿಸಿ ಇನ್ನೊಬ್ಬರಿಗೆ ಕೊಟ್ಟರು. ವಯಸ್ಸಾದ ಹೆಂಗಸೊಬ್ಬರು ಉರಿ ತಡೆಯಲಾರದೆ ಕಣ್ಣು ಒರೆಸಿಕೊಂಡಾಗ, "ಅದು ಒಳಗಿನ ವಿಷ ಹೊರಗೆ ಬರ್ತಿರೋದು ಅಮ್ಮಾ, ಒಳ್ಳೇದು" ಎಂದರು ಗುರುಗಳು. ಉರಿ ಹತ್ತಿದ್ದು ಉಪ್ಪಿನ ಅಳತೆ ತಪ್ಪಿದ್ದರಿಂದ. ನಮ್ಮ ರಕ್ತಕ್ಕೆ ಹೊಂದುವ ಉಪ್ಪಿನ ಪ್ರಮಾಣ ನೂರಕ್ಕೆ 0.9. ಅದಕ್ಕಿಂತ ತೀರ ಕಡಿಮೆಯಾದರೂ ಉರಿಯುತ್ತದೆ, ತೀರ ಹೆಚ್ಚಾದರೂ ಉರಿಯುತ್ತದೆ. ಅಳತೆ ತಪ್ಪಿದ್ದನ್ನು ಗುಣವಾಗುತ್ತಿರುವ ಲಕ್ಷಣವೆಂದು ಹೇಳಿ ಒಬ್ಬ ಹಿರಿಯ ಹೆಣ್ಣುಮಗಳನ್ನು ಸುಮ್ಮನಾಗಿಸಿದ್ದು ನನ್ನನ್ನು ಇವತ್ತಿಗೂ ಕೆರಳಿಸುತ್ತದೆ.

"ನಮ್ಮ ಮನೆಯಲ್ಲಿ ಆರ್‌ಓ ಇದೆ, ನಮಗೆ ಚಿಂತೆ ಇಲ್ಲ" ಎನ್ನುವವರು ಬಹಳ. ಬೆಂಗಳೂರಿನ ನೀರಿನ ದಾರಿಯನ್ನು ಒಮ್ಮೆ ಹಿಂಬಾಲಿಸಿ. ಕಾವೇರಿ ನೀರು ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಕ್ಲೋರಿನ್ ಹಾಕಿಸಿಕೊಂಡು, ಸುಮಾರು ನೂರು ಕಿಲೋಮೀಟರ್ ಹರಿದು ನಮ್ಮ ಸಂಪಿಗೆ ಬೀಳುತ್ತದೆ. ಅದೇ ಸಂಪಿಗೆ ಬೇಸಿಗೆಯಲ್ಲಿ ಟ್ಯಾಂಕರಿನ ಬೋರ್‌ವೆಲ್ ನೀರೂ ಬೀಳುತ್ತದೆ. ಆ ಸಂಪನ್ನು ಕೊನೆಯ ಸಲ ತೊಳೆಸಿದ್ದು ಯಾವಾಗ ಎಂದು ಎಷ್ಟು ಮನೆಯವರು ಹೇಳಬಲ್ಲರು? ಅಲ್ಲಿಂದ ಮೋಟರು ಮೇಲಕ್ಕೆ ತಳ್ಳಿದ ನೀರು ತಾರಸಿಯ ಕಪ್ಪು ಟ್ಯಾಂಕಿನಲ್ಲಿ ಮಧ್ಯಾಹ್ನದ ಬಿಸಿಲಿಗೆ ಕಾಯುತ್ತದೆ, ಇದ್ದಬದ್ದ ಕ್ಲೋರಿನ್ನೂ ಅಲ್ಲಿ ಕರಗುತ್ತದೆ. ಆಮೇಲೆ ಆರ್‌ಓ ಯಂತ್ರ. ಅದರ ಕಾರ್ಬನ್ ಫಿಲ್ಟರು ಉಳಿದ ಕ್ಲೋರಿನ್ನನ್ನೂ ಹೀರಿಬಿಡುತ್ತದೆ. ಪೊರೆಯಲ್ಲಿ ಸೋಸಿದ ನೀರು ಯಂತ್ರದ ಹೊಟ್ಟೆಯ ಸಣ್ಣ ಟ್ಯಾಂಕಿನಲ್ಲಿ ಕ್ಲೋರಿನ್ನಿನ ಕಾವಲಿಲ್ಲದೆ ನಿಂತು, ಒಳಗೆ ಲೋಳೆಗಟ್ಟಿದ್ದರೂ ನಮಗೆ ಕಾಣದ ಒಂದು ನಲ್ಲಿಯಿಂದ ಹೊರಬರುತ್ತದೆ. ಕುಡಿಯಲು ಅದು ಸರಿ. ಅದು ನಿರ್ಜಂತು ನೀರಲ್ಲ, ಹಾಗೆಂದು ಆ ಯಂತ್ರ ಮಾರಿದವರೂ ಹೇಳಿರುವುದಿಲ್ಲ. ಇಪ್ಪತ್ತು ಲೀಟರಿನ ಕ್ಯಾನ್ ನೀರಿಗೂ ಇದೇ ಮಾತು. "ತಾಮ್ರದ ನೇತಿ ಲೋಟ ತಂದಿದ್ದೇವೆ, ತಾಮ್ರ ಕ್ರಿಮಿ ಕೊಲ್ಲುತ್ತೆ" ಎನ್ನುವವರೂ ಇದ್ದಾರೆ. ಲೋಟದಲ್ಲಿ ನೀರು ಇರುವುದು ಒಂದೆರಡು ನಿಮಿಷ. ಅಷ್ಟರಲ್ಲಿ ತಾಮ್ರ ನೀರನ್ನು ನಿರ್ಜಂತು ಮಾಡುವುದಿಲ್ಲ.

ಇನ್ನು ಪರಂಪರೆಯ ವಾದ. ಇದನ್ನು ಹೂಡುವವರು ಪರಂಪರೆಯನ್ನು ಓದಿದ್ದರೆ ಹೀಗೆ ಮಾತಾಡುತ್ತಿರಲಿಲ್ಲ. ಹದಿನೈದನೆಯ ಶತಮಾನದ ಸ್ವಾತ್ಮಾರಾಮನ ಹಠಯೋಗ ಪ್ರದೀಪಿಕೆ ಷಟ್ಕರ್ಮಗಳಲ್ಲಿ, ಅಂದರೆ ದೇಹಶುದ್ಧಿಯ ಆರು ಕ್ರಿಯೆಗಳಲ್ಲಿ, ನೇತಿಯನ್ನು ಹೇಳುತ್ತದೆ. ಆದರೆ ಅಲ್ಲಿ ವಿವರಿಸಿರುವುದು ಸೂತ್ರನೇತಿ: ಒಂದು ಗೇಣು ಉದ್ದದ ನುಣುಪಾದ ದಾರವನ್ನು ಮೂಗಿನಿಂದ ಒಳಬಿಟ್ಟು ಬಾಯಿಂದ ತೆಗೆಯುವುದು. ಕೊಕ್ಕಿನ ಪಾತ್ರೆಯಿಂದ ನೀರು ಹೊಯ್ಯುವ ಮಾತು ಅಲ್ಲಿಲ್ಲ. ಮೂಗಿನಿಂದ ನೀರೆಳೆದು ಬಾಯಿಂದ ಬಿಡುವ ಕ್ರಿಯೆ ಘೇರಂಡ ಸಂಹಿತೆಯಲ್ಲಿ ಬರುತ್ತದೆ, ಅದೂ ಕಪಾಲಭಾತಿಯ ಒಂದು ಬಗೆಯಾಗಿ. ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಮೇದಸ್ಸು, ಕಫ ಹೆಚ್ಚಿರುವವರು ಮಾತ್ರ ಮೊದಲು ಷಟ್ಕರ್ಮ ಮಾಡಬೇಕು, ದೋಷಗಳು ಸಮವಾಗಿರುವವರಿಗೆ ಅದು ಬೇಡ ಎಂದು ಪ್ರದೀಪಿಕೆ ಸ್ಪಷ್ಟವಾಗಿ ಹೇಳಿದೆ. ಪ್ರಾಣಾಯಾಮವೊಂದೇ ಸಾಕು, ಬೇರೆ ಕರ್ಮಗಳು ಬೇಡ ಎನ್ನುವ ಆಚಾರ್ಯರೂ ಇದ್ದಾರೆ ಎಂದೂ ಅದು ದಾಖಲಿಸುತ್ತದೆ. ನೇತಿ ದಿವ್ಯದೃಷ್ಟಿ ಕೊಡುತ್ತದೆ ಎಂಬ ಹೊಗಳಿಕೆಯೂ ಅಲ್ಲಿದೆ. ಇಂದಿನ ಪ್ರಚಾರಕರು ಎತ್ತಿಕೊಂಡಿರುವುದು ಆ ಹೊಗಳಿಕೆಯನ್ನು, ಬಿಟ್ಟಿರುವುದು ನಿರ್ಬಂಧವನ್ನು. ಗುರುವಿನ ಪಕ್ಕದಲ್ಲಿ ಕೂತು ಕೆಲವೇ ಸಾಧಕರು ಮಾಡುತ್ತಿದ್ದ ಕ್ರಿಯೆಯನ್ನು ಮನೆಮನೆಯ ದಿನಚರಿ ಮಾಡಿ, ಅದಕ್ಕೆ "ಸಾವಿರಾರು ವರ್ಷ"ದ ಮುದ್ರೆ ಒತ್ತುವುದು ಪರಂಪರೆಗೆ ತೋರಿಸುವ ಗೌರವವಲ್ಲ. ಆ ಸಾಧಕನ ಕಾಲದಲ್ಲಿ ತಾರಸಿಯ ಪ್ಲಾಸ್ಟಿಕ್ ಟ್ಯಾಂಕೂ ಇರಲಿಲ್ಲ. ಅವನು ಮಿದುಳುಜ್ವರದಿಂದ ಸತ್ತಿದ್ದರೆ ಕಾರಣ ಗುರುತಿಸಿ ಬರೆದಿಡುವವರೂ ಇರಲಿಲ್ಲ. ಯಾರೂ ಬರೆದಿಡಲಿಲ್ಲ ಎಂದ ಮಾತ್ರಕ್ಕೆ ಏನೂ ಆಗಲಿಲ್ಲ ಎಂದು ಹೇಳಲು ಬರುವುದಿಲ್ಲ.

ನಿರಪಾಯಕಾರಿ ಎಂಬ ನಂಬಿಕೆಯ ಬೆನ್ನಿಗೇ ಸರ್ವರೋಗಕ್ಕೂ ಮದ್ದು ಎಂಬ ನಂಬಿಕೆ ಬರುತ್ತದೆ. ನೇತಿ ಅಲರ್ಜಿಯನ್ನು ಬುಡದಿಂದ ಕೀಳುತ್ತದೆ, ಕನ್ನಡಕ ಬಿಡಿಸುತ್ತದೆ, ಆಸ್ತಮಾ ವಾಸಿ ಮಾಡುತ್ತದೆ ಎಂದು ವೇದಿಕೆಯಿಂದ ಹೇಳುವುದನ್ನು ಕೇಳಿದ್ದೇನೆ. ಅಲರ್ಜಿ ಎಂಬುದು ನಿರುಪದ್ರವಿ ಪರಾಗವನ್ನು ಶತ್ರುವೆಂದು ಬಗೆವ ದೇಹದ ರಕ್ಷಣಾ ವ್ಯವಸ್ಥೆಯ ತಪ್ಪು. ಮೂಗಿನೊಳಗಿನ ಪರಾಗವನ್ನು ನೀರು ತೊಳೆಯಬಲ್ಲದು, ಆ ವ್ಯವಸ್ಥೆಯ ಸ್ವಭಾವವನ್ನು ತಿದ್ದಲಾರದು. ಆಸ್ತಮಾ ಇರುವುದು ಶ್ವಾಸನಾಳಗಳಲ್ಲಿ, ಅಲ್ಲಿಗೆ ಈ ನೀರು ಹೋಗುವುದೇ ಇಲ್ಲ. ಈ ಮಾತುಗಳನ್ನು ನಂಬಿ ಇನ್‌ಹೇಲರ್ ಬಿಟ್ಟವರ ಗತಿ ಏನು? ಕೋವಿಡ್ ಎರಡನೆಯ ಅಲೆಯಲ್ಲಿ, 2021ರ ಏಪ್ರಿಲ್‌ನಲ್ಲಿ, ಮೂಗಿಗೆ ನಿಂಬೆರಸ ಬಿಟ್ಟುಕೊಂಡರೆ ಆಮ್ಲಜನಕ ಏರುತ್ತದೆ ಎಂದು ಮಾಜಿ ಸಂಸದರೊಬ್ಬರು ಪತ್ರಿಕಾಗೋಷ್ಠಿಯಲ್ಲಿ ಹೇಳಿದ್ದನ್ನು ಈ ರಾಜ್ಯ ಮರೆಯಬಾರದು. ರಾಯಚೂರು ಜಿಲ್ಲೆಯ ಶಿಕ್ಷಕರೊಬ್ಬರು ಹಾಗೆ ಮಾಡಿಕೊಂಡು, ಅಸ್ವಸ್ಥರಾಗಿ ತೀರಿಕೊಂಡದ್ದು ಆಗ ಪತ್ರಿಕೆಗಳಲ್ಲಿ ಬಂತು. ಉಪ್ಪುನೀರಿನಿಂದ ಮೂಗು ತೊಳೆದರೆ ಕೋವಿಡ್ ತಡೆಯಬಹುದು ಎಂಬುದಕ್ಕೆ ಆಧಾರವಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಸಾಂಕ್ರಾಮಿಕದ ಆರಂಭದಲ್ಲೇ ಹೇಳಿತ್ತು. ಅಡುಗೆಮನೆಯಲ್ಲಿ ಸಿಗುವುದೆಲ್ಲ ಮೂಗಿಗೂ ಆಗುತ್ತದೆ ಎಂಬ ಧೈರ್ಯ ಎಲ್ಲಿಂದ ಬರುತ್ತದೆಯೋ, ಕುದಿಸದ ನೀರಿನ ಧೈರ್ಯವೂ ಅಲ್ಲಿಂದಲೇ ಬರುತ್ತದೆ.

ನನ್ನ ವಾದಕ್ಕೆ ಎದುರಾಗಿ ಬರುವ ಗಟ್ಟಿ ಆಕ್ಷೇಪ ಒಂದಿದೆ, ಅದನ್ನು ತಪ್ಪಿಸಿಕೊಂಡು ಹೋಗುವುದು ಸರಿಯಲ್ಲ. "ಲಕ್ಷಾಂತರ ಜನ ದಿನಾ ನೇತಿ ಮಾಡುತ್ತಾರೆ, ಸತ್ತವರು ಎಷ್ಟು? ಅಪರೂಪದಲ್ಲಿ ಅಪರೂಪದ ಕಾಯಿಲೆ ತೋರಿಸಿ ಜನರನ್ನು ಹೆದರಿಸುತ್ತಿದ್ದೀರಿ" ಎನ್ನುತ್ತಾರೆ. ಕಾಯಿಲೆ ಅಪರೂಪ ಎಂಬುದು ನಿಜ. ಆದರೆ ಎಷ್ಟು ಅಪರೂಪ ಎಂದು ನಮ್ಮಲ್ಲಿ ಯಾರು ಎಣಿಸಿದ್ದಾರೆ? ಜ್ವರ, ವಿಪರೀತ ತಲೆನೋವು, ವಾಂತಿ, ಕುತ್ತಿಗೆ ಸೆಟೆದುಕೊಳ್ಳುವುದು, ಆಮೇಲೆ ಪ್ರಜ್ಞೆ ತಪ್ಪುವುದು: ಇವೆಲ್ಲ ಸಾಮಾನ್ಯ ಮಿದುಳುಜ್ವರದ ಲಕ್ಷಣಗಳೂ ಹೌದು. ಬೆನ್ನುಹುರಿಯ ದ್ರವ ತೆಗೆದು ಅಮೀಬಾಗಾಗಿಯೇ ಹುಡುಕಿದರೆ ಮಾತ್ರ ಸಿಗುತ್ತದೆ, ರೋಗಿಗೆ ಸಿಗುವ ಕಾಲಾವಕಾಶವೋ ಕೆಲವೇ ದಿನ. ಕೇರಳದಲ್ಲಿ ಸಂಖ್ಯೆ ಏರಿದ್ದಕ್ಕೆ ಅಲ್ಲಿಯವರು ಹುಡುಕಲು ಶುರುಮಾಡಿದ್ದೂ ಒಂದು ಕಾರಣ. ಬೇಗ ಪತ್ತೆ ಹಚ್ಚಿದ್ದರಿಂದಲೇ 2024ರಲ್ಲಿ ಕೋಯಿಕ್ಕೋಡ್‌ನ ಹದಿನಾಲ್ಕು ವರ್ಷದ ಹುಡುಗನೊಬ್ಬ ಬದುಕಿಕೊಂಡ. ಅಪರೂಪವೆಂದೇ ಒಪ್ಪೋಣ. ಅದನ್ನು ತಪ್ಪಿಸಲು ಬೇಕಾದದ್ದು ಐದು ನಿಮಿಷದ ಗ್ಯಾಸು. ಒಂದು ಕಡೆ ಸಾವು, ಇನ್ನೊಂದು ಕಡೆ ಐದು ನಿಮಿಷ. ಇದರಲ್ಲಿ ಲೆಕ್ಕ ಹಾಕಲು ಏನಿದೆ? ಹೆದರಿಸುವುದಾಗಿದ್ದರೆ ನೇತಿ ಬಿಡಿ ಎನ್ನುತ್ತಿದ್ದೆ. ನೀರು ಕುದಿಸಿ ಎನ್ನುತ್ತಿದ್ದೇನೆ.

ವೈದ್ಯರಲ್ಲಿ ಕೆಲವರಿಗೂ ಇದರಲ್ಲಿ ಪಾಲಿದೆ. ಸೈನಸ್ ಆಪರೇಷನ್ ಆದವರಿಗೆ ಉಪ್ಪುನೀರಿನಿಂದ ತೊಳೆಯುವುದನ್ನು ಕಿವಿ ಮೂಗು ಗಂಟಲು ತಜ್ಞರೇ ಹೇಳಿಕೊಡುತ್ತಾರೆ, ಸರಿಯಾಗಿಯೇ ಹೇಳಿಕೊಡುತ್ತಾರೆ. ಆದರೆ ಸಾಮಾನ್ಯ ಕ್ಲಿನಿಕ್ಕಿಗೆ ನೆಗಡಿ ಎಂದು ಹೋದವರಿಗೆ ಏನು ಸಿಗುತ್ತದೆ? ವೈರಸ್ಸಿಗೆ ನಾಟದ ಆಂಟಿಬಯಾಟಿಕ್ಕು, ಜೊತೆಗೆ ಮೂಗು ಬಿಡಿಸುವ ಹನಿ. ಕ್ಸೈಲೋಮೆಟಾಜೋಲಿನ್ ಥರದ ಆ ಹನಿಗಳನ್ನು ಕೆಲವು ದಿನಕ್ಕಿಂತ ಹೆಚ್ಚು ಬಳಸಿದರೆ ಮೂಗು ಮತ್ತಷ್ಟು ಕಟ್ಟುತ್ತದೆ, ಹನಿ ಇಲ್ಲದೆ ನಿದ್ದೆ ಬಾರದ ಸ್ಥಿತಿಗೆ ತರುತ್ತದೆ. ಇದನ್ನು ಎಚ್ಚರಿಸುವವರು ಕಡಿಮೆ. ನೇತಿಯ ಬಗ್ಗೆ ಕೇಳಿದರೆ "ಅದೆಲ್ಲ ಯೋಗದವರದ್ದು" ಎಂದು ಕೈಯಾಡಿಸುತ್ತಾರೆ. ಆ ಅಸಡ್ಡೆಯಿಂದಲೇ ಜನ ಯಾರ ಬಾಯಿಂದ ಬೇಕಾದರೂ ಕಲಿಯುವಂತಾಗಿದೆ. ವೈದ್ಯರೇ ಇದನ್ನು ಚೀಟಿಯ ಮೇಲೆ ಬರೆದುಕೊಟ್ಟಿದ್ದರೆ, ನೀರು ಯಾವುದು, ಉಪ್ಪು ಎಷ್ಟು ಎಂಬುದೂ ಅದರಲ್ಲೇ ಇರುತ್ತಿತ್ತು.

ಸರಿಯಾದ ಕ್ರಮದಲ್ಲಿ ಕಷ್ಟವೇನೂ ಇಲ್ಲ. ರಾತ್ರಿ ಪಾತ್ರೆ ತೊಳೆದ ಮೇಲೆ ಅರ್ಧ ಲೀಟರಿಗಿಂತ ತುಸು ಹೆಚ್ಚು ನೀರಿಟ್ಟು, ಅದು ಕೊತಕೊತ ಮರಳಲು ಶುರುವಾದ ಮೇಲೆ ಮೂರರಿಂದ ಐದು ನಿಮಿಷ ಹಾಗೇ ಬಿಡಿ. ಅಯೋಡಿನ್ ಸೇರಿಸದ ಶುದ್ಧ ಉಪ್ಪು ಅರ್ಧ ಲೀಟರಿಗೆ ನಾಲ್ಕೂವರೆ ಗ್ರಾಂ, ಅಂದರೆ ತಟ್ಟಿ ಸಮ ಮಾಡಿದ ಒಂದು ಟೀ ಚಮಚಕ್ಕೆ ಸ್ವಲ್ಪ ಕಡಿಮೆ. ಅದನ್ನು ಕುದಿಯುವ ನೀರಿಗೇ ಹಾಕಿದರೆ ಉಪ್ಪಿನ ಚಿಂತೆಯೂ ಮುಗಿಯಿತು. ಮುಚ್ಚಳ ಮುಚ್ಚಿಡಿ. ಒಂದು ದಿನದೊಳಗೆ ಬಳಸಿ, ಉಳಿದದ್ದನ್ನು ಚೆಲ್ಲಿ. ಆರಿದ್ದು ತೀರ ತಣ್ಣಗಾಯಿತೆಂದು ನಲ್ಲಿಯ ಬಿಸಿನೀರು ಬೆರೆಸಿದರೆ ಮಾಡಿದ್ದೆಲ್ಲ ವ್ಯರ್ಥ. ಲೋಟವನ್ನೂ ಕುದಿಸಿದ ನೀರಿನಲ್ಲೇ ತೊಳೆದು ಬೋರಲು ಹಾಕಿ ಒಣಗಿಸಿ, ಇನ್ನೊಬ್ಬರಿಗೆ ಕೊಡಬೇಡಿ. ಇಷ್ಟಕ್ಕೂ ಬೇಜಾರಾದರೆ ಮೆಡಿಕಲ್ ಶಾಪಿನಲ್ಲಿ ನಾರ್ಮಲ್ ಸಲೈನ್ ಬಾಟಲಿ ಸಿಗುತ್ತದೆ, ಒಡೆದದ್ದನ್ನು ಅವತ್ತೇ ಮುಗಿಸಿ. ತೊಳೆಯುವಾಗ ಸಿಂಕಿನ ಮೇಲೆ ಬಾಗಿ, ಬಾಯಿಂದ ಉಸಿರಾಡುತ್ತ, ತಲೆ ಓರೆ ಮಾಡಿ, ನೀರು ತಾನಾಗಿ ಹರಿಯಲು ಬಿಡಿ. ಆಮೇಲೆ ಎರಡೂ ಹೊಳ್ಳೆ ಮುಚ್ಚಿ ಜೋರಾಗಿ ಸೀಂಟಬೇಡಿ, ನೀರು ಕಿವಿಯ ಕಡೆಗೆ ನುಗ್ಗುತ್ತದೆ. ಕಿವಿ ಸೋರುತ್ತಿರುವಾಗ, ಮೂಗು ಪೂರ್ತಿ ಬಿಗಿದಿರುವಾಗ ತೊಳೆಯುವುದು ಬೇಡ. ರೋಗನಿರೋಧಕ ಶಕ್ತಿ ಕುಗ್ಗಿರುವವರು ವೈದ್ಯರನ್ನು ಕೇಳದೆ ಕೈಹಾಕಬಾರದು. ಅಂಥವರಲ್ಲಿ ಅಕಾಂತಮೀಬಾ ಎಂಬ ಮತ್ತೊಂದು ಅಮೀಬಾದ ಸೋಂಕು ಮೂಗು ತೊಳೆಯುವವರಲ್ಲೇ ಕಂಡುಬಂದದ್ದು ಅಮೆರಿಕದಲ್ಲಿ ವರದಿಯಾಗಿದೆ. ಅಲರ್ಜಿಗೆ ವೈದ್ಯರು ಮೂಗಿನ ಸ್ಪ್ರೇ ಕೊಟ್ಟಿದ್ದರೆ ತೊಳೆದ ಮೇಲೆ ಅದನ್ನು ಹಾಕಿಕೊಳ್ಳಿ; ತೊಳೆದೆನೆಂದು ಅದನ್ನು ಬಿಡಬೇಡಿ.

ನೇತಿ ಪಾತ್ರೆ ಮಾಡಿ ಮಾರುವವರು "ಕುದಿಸಿ ಆರಿಸಿದ ನೀರು ಮಾತ್ರ" ಎಂದು ಡಬ್ಬಿಯ ಮೇಲೆ ಕನ್ನಡದಲ್ಲಿ, ಕಣ್ಣಿಗೆ ಹೊಡೆಯುವಂತೆ ಅಚ್ಚು ಹಾಕಲಿ. ಆಯುಷ್ ಇಲಾಖೆ, ಶಾಲೆ ಕಾಲೇಜುಗಳು, ಜೂನ್ 21ರ ಯೋಗ ದಿನದ ಸಂಘಟಕರು ಸಾಮೂಹಿಕ ಜಲನೇತಿಯನ್ನು ಡ್ರಮ್ಮಿನ ನೀರಿನಲ್ಲಿ ಮಾಡಿಸುವುದನ್ನು ನಿಲ್ಲಿಸಲಿ. ಯೋಗ ಗುರುಗಳಲ್ಲಿ ನನ್ನ ಕೋರಿಕೆ ಇಷ್ಟೇ: ನೀವು ಹೇಳಿದರೆ ಜನ ಕೇಳುತ್ತಾರೆ, ನಾವು ಬರೆದರೆ ಅಷ್ಟು ಕೇ­ಳುವುದಿಲ್ಲ. ಮುಂದಿನ ತರಗತಿಯಲ್ಲಿ ಲೋಟ ಕೈಗೆತ್ತಿಕೊಳ್ಳುವ ಮೊದಲು ನೀರಿನ ಮಾತು ಹೇಳಿ. ಓದುತ್ತಿರುವ ನಿಮಗೂ ಒಂದು ಮಾತು: ನೀರು ಕುದಿಸಲು ಪುರುಸೊತ್ತಿಲ್ಲದ ದಿನ ನೇತಿ ಮಾಡಬೇಡಿ.